ಅಪ್‌ಡೇಟ್ ನಡುವೆ ನಿಂತಾಗ ಮೊದಲು 12 ವೋಲ್ಟ್ ಬ್ಯಾಟರಿ ನೋಡಿ

ಎಲೆಕ್ಟ್ರಿಕ್ ಕಾರಿನ ಸಾಫ್ಟ್‌ವೇರ್ ಅಪ್‌ಡೇಟ್ ನಿಂತರೆ ಮೊದಲು ತಿಳಿಯಬೇಕಾದದ್ದು, ನಿಂತದ್ದು ಡೌನ್‌ಲೋಡೋ ಇನ್‌ಸ್ಟಾಲೋ ಎಂಬುದು. ಡೌನ್‌ಲೋಡ್ ನಿಂತಿದ್ದರೆ ಹೆದರಬೇಕಾಗಿಲ್ಲ, ಕಾರು ಎಂದಿನಂತೆ ಓಡುತ್ತದೆ. ಇನ್‌ಸ್ಟಾಲ್ ನಡುವೆ ನಿಂತಿದ್ದರೆ ಏನನ್ನೂ ಮುಟ್ಟದೆ ಕಾಯಬೇಕು. ನನ್ನ ಕಾರಿನಲ್ಲಿ ಎರಡೂ ತೊಂದರೆ ಬಂದವು: ಡೌನ್‌ಲೋಡ್ ಶೇ 37ಕ್ಕೆ ನಿಂತಿತು, ಅದು ಮುಗಿದ ಮೇಲೆ ಇನ್‌ಸ್ಟಾಲ್ ಒತ್ತಿದರೆ ಎರಡು ಸಲವೂ ಮುಗಿಯದೆ ಹಳೆಯ ಆವೃತ್ತಿಗೇ ಮರಳಿತು.

ಡೌನ್‌ಲೋಡಿನದು ಸುಲಭದ ಕಥೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎರಡನೇ ಬೇಸ್‌ಮೆಂಟಿನಲ್ಲಿ ಕಾರಿನೊಳಗಿನ ಸಿಮ್‌ಗೆ ಸಿಗ್ನಲ್ ಸಿಗುವುದೇ ಕಷ್ಟ. ಕಾರನ್ನು ಮೇಲಕ್ಕೆ ತಂದು ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಹಲವು ಕಾರುಗಳ ವೈಫೈ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಮಾತ್ರ ಹಿಡಿಯುತ್ತದೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹಾಟ್‌ಸ್ಪಾಟಿನ ಹೆಸರೇ ಕಾರಿನಲ್ಲಿ ಕಾಣುವುದಿಲ್ಲ. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ ಬದಲಿಸಬೇಕು, ತಾನಾಗಿ ಆಫ್ ಆಗುವ ಆಯ್ಕೆಯನ್ನೂ ತೆಗೆಯಬೇಕು. ಆದರೂ 37 ಅಲುಗದಿದ್ದಾಗ ಸ್ಕ್ರೀನನ್ನು ರೀಬೂಟ್ ಮಾಡಿದೆ. ಇದರ ಕ್ರಮ ಒಂದೊಂದು ಕಾರಿಗೆ ಒಂದೊಂದು: ಕೆಲವದರಲ್ಲಿ ಪವರ್ ಬಟನ್ ಒತ್ತಿ ಹಿಡಿಯಬೇಕು, ಟೆಸ್ಲಾದಲ್ಲಿ ಸ್ಟೀರಿಂಗಿನ ಎರಡೂ ಸ್ಕ್ರಾಲ್ ಚಕ್ರಗಳನ್ನು ಸ್ಕ್ರೀನ್ ಕಪ್ಪಾಗುವವರೆಗೆ ಒತ್ತಬೇಕು. ಇನ್‌ಸ್ಟಾಲ್ ನಡೆಯುತ್ತಿರುವಾಗ ಮಾತ್ರ ಇದನ್ನು ಮಾಡಬೇಡಿ.

ನಿಜವಾದ ಕೆಲಸವಿದ್ದದ್ದು ಇನ್‌ಸ್ಟಾಲಿನಲ್ಲಿ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲಿ ಶೇ 72 ಚಾರ್ಜ್ ಇತ್ತು. ಆದರೆ ಕಾರಿನ ಕಂಪ್ಯೂಟರುಗಳೆಲ್ಲ ನಡೆಯುವುದು 12 ವೋಲ್ಟಿನ ಲೈನಿನಲ್ಲಿ. ಇನ್‌ಸ್ಟಾಲ್ ಆಗುವಾಗ ಹಲವು ಕಾರುಗಳಲ್ಲಿ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚುಗಳು (ಕಾಂಟ್ಯಾಕ್ಟರುಗಳು) ಸಂಪರ್ಕ ಕಡಿಯುತ್ತವೆ, ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಲೈನಿಗೆ ವಿದ್ಯುತ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ನಿಲ್ಲುತ್ತದೆ, ಭಾರವೆಲ್ಲ 12 ವೋಲ್ಟಿನ ಚಿಕ್ಕ ಬ್ಯಾಟರಿಯ ಮೇಲೆ ಬೀಳುತ್ತದೆ. ಅದಕ್ಕೇ ಸಾಕಷ್ಟು ವಿದ್ಯುತ್ ಇದ್ದರೆ ಮಾತ್ರ ಅಪ್‌ಡೇಟ್ ನಡೆಯಬೇಕೆಂದು ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟಿಗೆ ಸಂಬಂಧಿಸಿದ ಯುಎನ್‌ನ ಆರ್156 ನಿಯಮವೂ ಹೇಳುತ್ತದೆ. ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ತುಂಬುವಾಗ ಬಳಸುವ ಐಎಸ್‌ಒ 14229 ಭಾಷೆಯಲ್ಲಿ ‘ವೋಲ್ಟೇಜ್ ಕಡಿಮೆ’ ಎನ್ನಲಿಕ್ಕೇ ಹೆಕ್ಸ್ 93 ಎಂಬ ಪ್ರತ್ಯೇಕ ಕೋಡ್ ಇದೆ. ಸ್ಕ್ರೀನ್ ಮಾತ್ರ ಇದಾವುದನ್ನೂ ಬಿಡಿಸಿ ಹೇಳದೆ ‘ಅಪ್‌ಡೇಟ್ ವಿಫಲ’ ಎಂದಷ್ಟೇ ತೋರಿಸುತ್ತದೆ.

ಅಳೆಯುವ ಕ್ರಮ ಮುಖ್ಯ. ಬಾನೆಟ್ ತೆರೆದಿದ್ದರೆ ಕೆಲವು ಕಾರುಗಳು ನಿದ್ದೆಗೆ ಹೋಗುವುದಿಲ್ಲ. ಅದಕ್ಕೆ ಬಾನೆಟ್ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ‘ಮುಚ್ಚಿದೆ’ ಎನ್ನಿಸಿದೆ. (ಮತ್ತೆ ಮುಚ್ಚುವ ಮುನ್ನ ಒಳಗಿನ ಲಿವರ್ ಎಳೆದು ಕೊಕ್ಕೆ ಬಿಡಿಸಲೇಬೇಕು, ಇಲ್ಲದಿದ್ದರೆ ಲಾಕ್ ಬಾಗುತ್ತದೆ.) ಕೀಲಿಯನ್ನು ದೂರ ಇಟ್ಟು, ಕಾರು ಲಾಕ್ ಮಾಡಿ, 3 ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 12.05 ವೋಲ್ಟ್. ಲೆಡ್-ಆಸಿಡ್ ಬ್ಯಾಟರಿಗೆ 12.6ರ ಮೇಲಿದ್ದರೆ ತುಂಬಿದೆ ಎಂದರ್ಥ, 12.4ಕ್ಕೆ ಸುಮಾರು ಮುಕ್ಕಾಲು, 12.2ಕ್ಕೆ ಅರ್ಧ, 12.0 ಎಂದರೆ ಕಾಲು ಭಾಗ. ಕಾರನ್ನು ರೆಡಿ (ಓಡಲು ಸಿದ್ಧ) ಸ್ಥಿತಿಗೆ ತಂದಾಗ ಅದೇ ಟರ್ಮಿನಲ್‌ಗಳಲ್ಲಿ 14.1 ಬಂತು. ಅಲ್ಲಿಗೆ ಕನ್ವರ್ಟರ್ ಸರಿಯಿದೆ ಎಂದಾಯಿತು. 13ಕ್ಕಿಂತ ಕೆಳಗೆ ಬಂದಿದ್ದರೆ ಸರ್ವಿಸ್ ಸೆಂಟರಿಗೇ ಹೋಗಬೇಕಿತ್ತು. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಕೈ ಹಾಕಬಾರದು.

ಚಾರ್ಜ್ ಹೀರುತ್ತಿದ್ದದ್ದು ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್. ಅದರ ತಂತಿಯಲ್ಲಿ 0.3 ಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ 7.2 ಆಂಪಿಯರ್-ಅವರ್ ಎಂದರೆ 40 ಆಂಪಿಯರ್-ಅವರಿನ ಬ್ಯಾಟರಿ ಮೂರು ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕಾರಿನ ದೋಷ ಪರೀಕ್ಷೆಗೆಂದು ಇರುವ ಓಬಿಡಿ ಪೋರ್ಟಿಗೆ ಸದಾ ಚುಚ್ಚಿಟ್ಟ ಡಾಂಗಲ್ ಇನ್ನೂ ಕೆಟ್ಟದ್ದು: ಕರೆಂಟೂ ಎಳೆಯುತ್ತದೆ, ಅಪ್‌ಡೇಟ್ ಸಾಗುವ ಲೈನಿನಲ್ಲೇ ಮಾತಾಡಿ ಅಡ್ಡಿಯೂ ಮಾಡಬಲ್ಲದು. ಎರಡನ್ನೂ ಕಿತ್ತೆ.

ಆಮೇಲೆ 5 ಆಂಪಿಯರಿನ ಸ್ಮಾರ್ಟ್ ಚಾರ್ಜರನ್ನು ರಾತ್ರಿಯಿಡೀ ಹಾಕಿದೆ. ಕೆಂಪು ಕ್ಲಿಪ್ ಪ್ಲಸ್ಸಿಗೆ. ಕಪ್ಪು ಕ್ಲಿಪ್ ಬ್ಯಾಟರಿಯ ಮೈನಸ್ಸಿಗಲ್ಲ, ಬಾಡಿಯ ಅರ್ತ್ ಬೋಲ್ಟಿಗೆ. ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಇರುವ ಕಾರುಗಳಲ್ಲಿ ನೇರವಾಗಿ ಅಲ್ಲಿಗೆ ಹಾಕಿದರೆ ಚಾರ್ಜ್ ಒಳಬಂದದ್ದು ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ. 12 ವೋಲ್ಟಿನದೂ ಲಿಥಿಯಂ ಆಗಿದ್ದರೆ ಅದಕ್ಕೆಂದೇ ಇರುವ ಚಾರ್ಜರ್ ಬೇಕು. ಚಾರ್ಜರ್ ತೆಗೆದು ಒಂದು ದಿನ ಬಿಟ್ಟ ಮೇಲೂ 12.62 ನಿಂತಿತ್ತು, ಹಾಗಾಗಿ ಬ್ಯಾಟರಿ ಬದಲಿಸಲಿಲ್ಲ. 12.3ಕ್ಕೆ ಇಳಿದಿದ್ದರೆ ಹೊಸದೇ ಹಾಕಿಸುತ್ತಿದ್ದೆ.

ಮೂರನೇ ಸಲ ಇನ್‌ಸ್ಟಾಲ್ ಒತ್ತುವ ಮುನ್ನ ಗೇರ್ ಪಿಯಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಚಾರ್ಜಿಂಗ್ ಗನ್ ತೆಗೆದು, ಎಸಿ, ಲೈಟು ಆರಿಸಿ, ಬಾಗಿಲುಗಳನ್ನು ಮುಚ್ಚಿದೆ. ಶೇ 83ರಲ್ಲಿ 14 ನಿಮಿಷ ಅಲುಗಲಿಲ್ಲ. ಈ ಶೇಕಡಾ ಲೆಕ್ಕ ಸಮಯದ ಅಳತೆಯಲ್ಲ. ಒಂದು ಕಂಪ್ಯೂಟರಿನ ಹಳೆಯ ಮೆಮೊರಿ ಅಳಿಸಿ, ಹೊಸದನ್ನು ಬರೆದು, ಅದು ಅಸಲಿಯೇ ಎಂದು ನೋಡುವ ಡಿಜಿಟಲ್ ಸಹಿಯ ಪರೀಕ್ಷೆ ಮುಗಿಯುವವರೆಗೆ ಅಂಕಿ ಮುಂದೆ ಹೋಗದಿರಬಹುದು. ನಡುನಡುವೆ ರಿಲೇ ಟಕ್ ಎನ್ನುವುದು, ಮೀಟರ್ ಕಪ್ಪಾಗುವುದು, ಫ್ಯಾನ್ ತಿರುಗುವುದು ಸಹಜ. ತೋರಿಸಿದ ಅವಧಿಯ ಎರಡು ಪಟ್ಟು, ಕಡಿಮೆ ಎಂದರೂ 2 ಗಂಟೆ, ಕಾಯುವುದು ನಾನು ಇಟ್ಟುಕೊಂಡ ಲೆಕ್ಕ. ಆ ಹೊತ್ತಿನಲ್ಲಿ ಸ್ಟಾರ್ಟ್ ಬಟನ್ ಒತ್ತಬಾರದು, ಫೋನಿನ ಆ್ಯಪ್ ತೆರೆದು ನೋಡುತ್ತಿರಬಾರದು, 12 ವೋಲ್ಟಿನ ಟರ್ಮಿನಲ್ಲಂತೂ ಬಿಚ್ಚಲೇಬಾರದು. ಸ್ಕ್ರೀನಿನ ಕಂಪ್ಯೂಟರಿಗೆ ಸಾಮಾನ್ಯವಾಗಿ ಸಾಫ್ಟ್‌ವೇರ್ ಇಡಲು ಎರಡು ಜಾಗ ಇರುತ್ತವೆ, ಹೊಸದು ಕೆಟ್ಟರೆ ಹಳೆಯದರಿಂದ ಏಳುತ್ತದೆ. ಚಿಕ್ಕ ಕಂಪ್ಯೂಟರುಗಳಲ್ಲಿ ಕೆಲವಕ್ಕೆ ಇರುವುದು ಒಂದೇ ಜಾಗ; ಬರೆಯುವ ನಡುವೆ ಕರೆಂಟ್ ಹೋದರೆ ಸರ್ವಿಸ್ ಸೆಂಟರಿನ ಟೂಲಿನಿಂದಲೇ ಅದನ್ನು ಎಬ್ಬಿಸಬೇಕು. ಹಾಗಾದಲ್ಲಿ ಕಾರು ಹೋಗಬೇಕಾದದ್ದು ಫ್ಲ್ಯಾಟ್‌ಬೆಡ್ ಮೇಲೆ, ಚಕ್ರ ನೆಲಕ್ಕೆ ತಾಗಿಸಿ ಎಳೆಯಬಾರದು.

ನನ್ನದು 41 ನಿಮಿಷಕ್ಕೆ ಮುಗಿಯಿತು. ಆಮೇಲೆ ಆವೃತ್ತಿ ಸಂಖ್ಯೆ ನೋಡಿದೆ, ಚಾರ್ಜಿಂಗ್ ವೇಳಾಪಟ್ಟಿ ಅಳಿಸಿಹೋಗಿದ್ದರಿಂದ ಮತ್ತೆ ಹಾಕಿದೆ, ಖಾಲಿ ರಸ್ತೆಯಲ್ಲಿ ಬ್ರೇಕ್, ರೀಜೆನ್ (ವೇಗ ಇಳಿಸುವಾಗ ಬ್ಯಾಟರಿಗೆ ಚಾರ್ಜ್ ಮರಳಿಸುವ ವ್ಯವಸ್ಥೆ), ರಿವರ್ಸ್ ಕ್ಯಾಮೆರಾ ಪರೀಕ್ಷಿಸಿದೆ. ಸರ್ವಿಸ್ ಸೆಂಟರಿಗೆ ಹೋಗಲೇಬೇಕಾದರೆ ಜಾಬ್ ಕಾರ್ಡಿನಲ್ಲಿ ‘ಅಪ್‌ಡೇಟ್ ಆಗುತ್ತಿಲ್ಲ’ ಎಂದಷ್ಟೇ ಬರೆಸಬೇಡಿ. ನಿಂತ ಹಂತ, ಸ್ಕ್ರೀನಿನ ಸಂದೇಶದ ಫೋಟೋ, ನಿದ್ದೆಯಲ್ಲಿದ್ದಾಗಿನ ವೋಲ್ಟೇಜ್, ರೆಡಿಯಲ್ಲಿದ್ದಾಗಿನ ವೋಲ್ಟೇಜ್ ಈ ನಾಲ್ಕನ್ನೂ ಬರೆಸಿ.