ವಿಡಿಯೊ ಕರೆಯಲ್ಲಿ ಮನೋವೈದ್ಯರಿಗೆ ತೋರಿಸುವುದು ಹೀಗೆ

ಮನೆಯ ಹುಡುಗ ನಾಲ್ಕು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಯಾರೋ ಬೈಯುವುದು ಕೇಳಿಸುತ್ತಿದೆ ಎನ್ನುತ್ತಾನೆ. ಮಾತ್ರೆ ಬಿಟ್ಟು ತಿಂಗಳಾಗಿದೆ. ಹಿಂದಾದರೆ ಅವನನ್ನು ಬೆಂಗಳೂರಿಗೋ ಧಾರವಾಡಕ್ಕೋ ಬಸ್ಸಿನಲ್ಲಿ ಕರೆದೊಯ್ಯಬೇಕಿತ್ತು. 2020ರಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವಿಡಿಯೊದಲ್ಲಿ ನೋಡಿ ಔಷಧಿ ಬರೆಯಲು ವೈದ್ಯರಿಗೆ ದಾರಿಯಾಗಿದೆ. ಇಂಥ ಕರೆಗಳಲ್ಲಿ ವೈದ್ಯರ ಪಕ್ಕ ಕೂರುವುದು ನನ್ನ ಕೆಲಸ. ಕರೆ ಕೆಡುವುದು ಬಹಳ ಸಲ ನೆಟ್‌ವರ್ಕ್‌ನಿಂದಲ್ಲ, ಮನೆಯವರ ಆತುರದಿಂದ.

ಮೊದಲ ಹೆಜ್ಜೆ: ಮನೆಯಲ್ಲೇ ನೋಡಿಕೊಳ್ಳಬಹುದೇ ಎಂದು ತೀರ್ಮಾನಿಸಿ. ಸಾಯುವ ಪ್ರಯತ್ನ ಮಾಡಿದ್ದರೆ, ಹೊಡೆಯಲು ಬರುತ್ತಿದ್ದರೆ, ನೀರನ್ನೂ ಕುಡಿಯದಿದ್ದರೆ, ಜ್ವರದ ಜೊತೆ ಗೊಂದಲವಿದ್ದರೆ, ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ನಡುಕ ಅಥವಾ ಫಿಟ್ಸ್ ಬಂದರೆ ವಿಡಿಯೊ ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ಮನೆಯಲ್ಲೇ ಇರಿಸಿಕೊಳ್ಳುವುದಾದರೆ ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಗಳನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಅಟ್ಟದ ಮೇಲಿಟ್ಟರೆ ಸಾಲದು.

ಎರಡನೆಯದು ಸುಲಭ: ಫೋನು ಚಾರ್ಜ್ ಮಾಡಿ, ಹಳೆಯ ಚೀಟಿಗಳನ್ನೂ ಮಾತ್ರೆ ಹಾಳೆಗಳನ್ನೂ ಒಂದೆಡೆ ಇಟ್ಟುಕೊಳ್ಳಿ.

ಮೂರನೆಯದು ಕರೆ. ಎಲ್ಲರೂ ಎಡವುವುದು ಇಲ್ಲಿ. ಅಪ್ಪ ಫೋನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡುತ್ತಾರೆ. ಹಿಂದಿನಿಂದ ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು ಒಟ್ಟಿಗೆ ಮಾತಾಡುತ್ತಾರೆ. ಹುಡುಗ ಎದುರಿಗೇ ಕೂತಿದ್ದರೂ ‘ಇವನು ಹಿಂಗಾಡ್ತಾನೆ ಡಾಕ್ಟ್ರೇ’ ಎಂದು ಅವನಿಲ್ಲದ ಹಾಗೆ ದೂರುತ್ತಾರೆ. ಇನ್ನು ಕೆಲವರು ಬಾಗಿಲ ಸಂದಿಯಿಂದ ಕದ್ದು ತೋರಿಸುತ್ತಾರೆ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಯವೇ ಕಾಯಿಲೆಯಾಗಿರುವವನಿಗೆ ಅದು ಗೊತ್ತಾದರೆ, ಆಮೇಲೆ ಮಾತ್ರೆಯನ್ನೂ ನಿಮ್ಮ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಹೀಗಾದ ಮನೆಗಳನ್ನು ಕಂಡಿದ್ದೇನೆ.

ಸರಿಯಾದ ರೀತಿ ಇದು. ಕರೆಗೆ ಮುಂಚೆ ಅವನಿಗೇ ಹೇಳಿ: ‘ನಿನಗೆ ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ಡಾಕ್ಟರ ಹತ್ರ ಮಾತಾಡೋಣ.’ ಅವನಿಗೆ ಕಷ್ಟವಾಗಿರುವುದನ್ನೇ ಹೇಳಬೇಕು. ಆಧಾರ್ ಕೆಲಸದ ಕರೆ ಅಂತೆಲ್ಲ ಸುಳ್ಳು ಹೇಳಬೇಡಿ. ಫೋನನ್ನು ಸೇರಿಗೋ ಚೊಂಬಿಗೋ ಒರಗಿಸಿ, ಅವನ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಬೆಳಕು ಮುಖದ ಮೇಲೆ ಬೀಳಲಿ. ಕಿಟಕಿ ಬೆನ್ನಿಗಿದ್ದರೆ ವೈದ್ಯರಿಗೆ ಕಾಣುವುದು ಕಪ್ಪು ನೆರಳು. ಮುಖದ ಜೊತೆ ಕೈಗಳೂ ಕಾಣಬೇಕು, ನಡುಕವಿದೆಯೇ ಎಂದು ನೋಡಲಿಕ್ಕೆ. ಟಿ.ವಿ. ಆರಿಸಿ. ಮೊದಲು ಅವನು ಮಾತಾಡಲಿ, ಸಾಧ್ಯವಾದರೆ ಸ್ವಲ್ಪ ಹೊತ್ತು ಒಬ್ಬನೇ. ನಂತರ ಒಬ್ಬರು, ಒಬ್ಬರೇ, ಬರೆದಿಟ್ಟುಕೊಂಡದ್ದನ್ನು ಓದಿ: ಯಾವಾಗಿನಿಂದ, ಎಷ್ಟು ಗಂಟೆ ನಿದ್ದೆ, ಊಟ, ಯಾವ ಮಾತ್ರೆ ಯಾವಾಗ ನಿಂತಿತು, ಬೇರೆ ಕಾಯಿಲೆ, ಮದ್ಯ ಅಥವಾ ಗಾಂಜಾ. ‘ತುಂಬಾ ಜೋರಾಗಿದೆ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ‘ನಿನ್ನೆ ಎರಡು ಗಂಟೆ ಮಲಗಿದ್ದ’ ಎಂದರೆ ತಿಳಿಯುತ್ತದೆ. ಸಾಯುವ ಮಾತಾಡಿದ್ದರೆ ಮುಚ್ಚಿಡಬೇಡಿ. ಕರೆಯನ್ನು ಅವನ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಬಾರದು, ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಯಾವತ್ತೂ ಹಾಕಬಾರದು.

ಮಲಗುವ ಕೋಣೆಗೆ ಕ್ಯಾಮೆರಾ ಹಾಕಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಡವೇ ಬೇಡ. ಆ ದುಡ್ಡಿನಲ್ಲಿ ಒಬ್ಬರು ಎರಡು ದಿನ ಕೆಲಸಕ್ಕೆ ರಜೆ ಹಾಕಿ ಅವನ ಜೊತೆ ಕೂರಲಿ. ಆನ್‌ಲೈನ್‌ನಲ್ಲಿ ಮಾರುವ ‘ಮನಸ್ಸಿನ ಕಾಯಿಲೆಗೆ ಒಂದೇ ಪುಡಿ’ಯನ್ನೂ ತರಿಸಬೇಡಿ. ಅದರಲ್ಲಿ ಏನಿದೆ ಎಂದು ಗೊತ್ತಾಗದೆ ವೈದ್ಯರು ಮಾತ್ರೆಯ ಪ್ರಮಾಣ ನಿರ್ಧರಿಸುವುದು ಕಷ್ಟ.

ನಾಲ್ಕನೆಯದು ಔಷಧಿ. ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಸಹಿ ಇರುವ ಚೀಟಿ ಬಂದ ಮೇಲೇ ಅಂಗಡಿಗೆ ಹೋಗಿ. ಫೋನಿನಲ್ಲಿ ಅಲಾರಂ ಸಾಕು, ಬೇರೆ ಆ್ಯಪ್ ಬೇಡ. ಆದರೆ ಅಲಾರಂ ಹೊಡೆದಾಗ ಕೈಯಲ್ಲಿ ಮಾತ್ರೆಯೂ ನೀರೂ ಹಿಡಿದು ಹತ್ತಿರ ಹೋಗುವವರು ಬೇಕು. ಕತ್ತು ತಿರುಚಿಕೊಂಡರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ದೆವ್ವವಲ್ಲ, ಕೆಲವು ಮಾತ್ರೆಗಳ ಅಡ್ಡಪರಿಣಾಮ. ವೈದ್ಯರಿಗೆ ತಕ್ಷಣ ಫೋನು ಮಾಡಿ. ಅವರು ಸಿಗದಿದ್ದರೆ ಅಥವಾ ಉಸಿರಿಗೆ ಕಷ್ಟವಾದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಇದನ್ನು ಬೇಗ ಇಳಿಸುವ ಚಿಕಿತ್ಸೆ ಇದೆ. ಮೈ ಸೆಟೆದು ಜೋರು ಜ್ವರ ಬಂದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ, ಭೇದಿ, ಹೆಚ್ಚಿದ ಕೈ ನಡುಕ ಕಂಡರೆ ಮುಂದಿನ ಮಾತ್ರೆಗೆ ಮುಂಚೆಯೇ ಕೇಳಿ. ಅದರ ರಕ್ತಪರೀಕ್ಷೆ ಕೊನೆಯ ಮಾತ್ರೆ ತೆಗೆದುಕೊಂಡ 12 ಗಂಟೆಗೆ ಆಗಬೇಕು. ಪರೀಕ್ಷೆಯ ದಿನ ಬೆಳಗಿನ ಮಾತ್ರೆ ಮೊದಲೇ ಕೊಟ್ಟುಬಿಟ್ಟರೆ ಅಂಕಿ ತಪ್ಪು ಬರುತ್ತದೆ.

ಕೊನೆಗೆ ರಾತ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಸೇರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿಯೂ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆಗೆಟ್ಟು ಅವನನ್ನು ಕಾಯುವ ಅಮ್ಮನೂ ತನ್ನ ಸಂಕಟ ಹೇಳಿಕೊಳ್ಳಲು ಅದೇ ಸಂಖ್ಯೆಗೆ ಕರೆ ಮಾಡಬಹುದು. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ, ತಾವಾಗಿ ಕೇಳುವುದಿಲ್ಲ.