ದಪ್ಪ ಸ್ಲ್ಯಾಬ್ ಸೆರಿಫ್ ಫಾಂಟ್ ಬರೆಯುವಾಗ ನಾನು ಹಿಡಿಯುವ ಅಳತೆಗಳು

ಪೋಸ್ಟರ್, ಶೀರ್ಷಿಕೆಗಳಿಗೆಂದು ಹಳೆಯ ಮಾದರಿಯ ಇಂಗ್ಲಿಷ್ ಸ್ಲ್ಯಾಬ್ ಫಾಂಟ್ ಬರೆಯುವಾಗ ಮೊದಲು ತೀರ್ಮಾನಿಸುವುದು ಸ್ಟೆಮ್ (ಅಕ್ಷರದ ಲಂಬ ಕಂಬ) ಮತ್ತು ಸ್ಲ್ಯಾಬ್ (ಅದರ ತುದಿಯಲ್ಲಿ ಚಾಚುವ ದಪ್ಪ ಪಟ್ಟಿ) ಕೂಡುವ ಮೂಲೆಯನ್ನು. ಅಚ್ಚಕ್ಷರ ತಯಾರಕ ವಿನ್ಸೆಂಟ್ ಫಿಗಿನ್ಸ್ 1815ರ ಸುಮಾರಿಗೆ ತಂದ ಸ್ಲ್ಯಾಬ್ ಫಾಂಟ್ ಆಂಟಿಕ್‌ನಲ್ಲಿ ಆ ಮೂಲೆ ನೇರ. 1845ರಲ್ಲಿ ಇನ್ನೊಬ್ಬ ತಯಾರಕ ರಾಬರ್ಟ್ ಬೆಸ್ಲಿ ತಂದ ಕ್ಲಾರೆಂಡನ್‌ನಲ್ಲಿ ಅಲ್ಲೊಂದು ಬಾಗು. ನನ್ನ ಆಯ್ಕೆ ಬಾಗು, ಆದರೆ 35 ಯೂನಿಟ್ (ಫಾಂಟ್ ಬರೆಯುವ ಅಳತೆಮಾನ) ಮೀರದಂತೆ. ಮೀರಿದರೆ ಅಕ್ಷರದ ಒಳಜಾಗ ಕಟ್ಟಿಕೊಳ್ಳುತ್ತದೆ.

ಎಮ್, ಅಂದರೆ ಅಕ್ಷರ ಕೂರುವ ಚೌಕದ ಎತ್ತರ, 1000 ಯೂನಿಟ್; ದೊಡ್ಡಕ್ಷರದ ಎತ್ತರ 700, ಸ್ಟೆಮ್ 190, ಸ್ಲ್ಯಾಬ್ 120. ದೊಡ್ಡ 'ಓ'ದ ಪಕ್ಕಗಳು ಸ್ಟೆಮ್‌ಗಿಂತ ತುಸು ದಪ್ಪ, 204. ಅದು ಮೇಲೆ ಕೆಳಗೆ ಉಳಿದ ದೊಡ್ಡಕ್ಷರಗಳ ಗೆರೆಯನ್ನು 12 ಯೂನಿಟ್ ದಾಟಬೇಕು. ದಾಟದಿದ್ದರೆ ಪಕ್ಕದ 'ಎಚ್'ಗಿಂತ ಗಿಡ್ಡವಾಗಿ ಕಾಣುತ್ತದೆ.

ನಿಜವಾದ ಕಷ್ಟ ಸಣ್ಣಕ್ಷರಗಳಲ್ಲಿ. ಸಣ್ಣ 'ಇ' ತೆಗೆದುಕೊಳ್ಳಿ: ಎತ್ತರ 520, ಅಡ್ಡಗೆರೆ ಮೂರು. ಮೂರಕ್ಕೂ ಸ್ಲ್ಯಾಬಿನ 120 ಕೊಟ್ಟರೆ 360 ಅಲ್ಲಿಗೇ ಹೋಯಿತು. ಒಳಗಿನ ಎರಡು ಬಿಳಿ ಜಾಗಗಳಿಗೆ ತಲಾ 80 ಮಾತ್ರ. ಮುದ್ರಣದಲ್ಲಿ ಶಾಯಿ ಹರಡಿದರೆ ಅದೂ ಇಲ್ಲ. ಅದಕ್ಕೇ ನಡುಗೆರೆಯನ್ನು 75ಕ್ಕೆ, ಮೇಲಿನ ಕೆಳಗಿನ ಬಾಗುಗಳನ್ನು 95ಕ್ಕೆ ಇಳಿಸುತ್ತೇನೆ. ಆಗ ತಲಾ ಸುಮಾರು 127 ಉಳಿಯುತ್ತದೆ. 'ಎ', 'ಎಸ್', 'ಜಿ'ಗಳಿಗೂ ಇದೇ ದಾರಿ. ಸಣ್ಣ 'ಎನ್'ನ ಹೆಗಲು ಸ್ಟೆಮ್ ಸೇರುವಲ್ಲಿ 100ರ ತನಕ ತೆಳುವಾಗಲಿ; ಇಲ್ಲದಿದ್ದರೆ ಅಲ್ಲಿ ಕಪ್ಪು ಕಲೆಯೊಂದು ಕಣ್ಣಿಗೆ ಹೊಡೆಯುತ್ತದೆ. ಸಣ್ಣ 'ಎಮ್'ನ ಮೂರು ಕಾಲಿಗೂ ಎರಡೂ ಕಡೆ ಪೂರ್ತಿ ಸ್ಲ್ಯಾಬ್ ಹಿಡಿಸುವುದಿಲ್ಲ; ಒಳಗಿನವನ್ನು ಮೊಟಕು ಮಾಡಿ, ನಡುವೆ ಕನಿಷ್ಠ 40 ಯೂನಿಟ್ ಬಿಳಿ ಬಿಡಿ.

ಅಕ್ಷರಗಳ ನಡುವೆ ಅಂತರ ಕೊಡುವಾಗ ಸ್ಲ್ಯಾಬ್ ಇಲ್ಲದ ಫಾಂಟಿನ, ಅಂದರೆ ಸ್ಯಾನ್ಸ್‌ನ ಅಭ್ಯಾಸ ಕೈಕೊಡುತ್ತದೆ. ಸ್ಯಾನ್ಸ್‌ನಲ್ಲಿ 'ಎಚ್'ಗೆ ಹೆಚ್ಚು, 'ಓ'ಗೆ ಕಡಿಮೆ. ಇಲ್ಲಿ 'ಎಚ್'ನ ಸ್ಲ್ಯಾಬ್‌ಗಳು ಹೊರಚಾಚಿ ಸ್ಟೆಮ್‌ಗಳನ್ನು ಆಗಲೇ ದೂರ ತಳ್ಳಿರುತ್ತವೆ. ಹಾಗಾಗಿ 'ಎಚ್'ನ ಒಂದೊಂದು ಬದಿಗೆ 22, 'ಓ'ಗೆ 36ರಿಂದ ಶುರುಮಾಡುತ್ತೇನೆ. ಎರಡು 'ಎಚ್', ಒಂದು 'ಓ', ಮತ್ತೆ ಎರಡು 'ಎಚ್' ಸಾಲಾಗಿ ಇಟ್ಟು 72 ಪಾಯಿಂಟ್‌ನಲ್ಲಿ ಕಾಗದಕ್ಕೆ ತೆಗೆದು ನೋಡಿ. ತೆರೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಅಂತರ ಯಾವಾಗಲೂ ಹೆಚ್ಚೆನಿಸುತ್ತದೆ, ಕೈ ತಾನಾಗಿ ಬಿಗಿಮಾಡುತ್ತದೆ, ಕೊನೆಗೆ ಸ್ಲ್ಯಾಬ್‌ಗಳು ಒಂದಕ್ಕೊಂದು ಅಂಟುತ್ತವೆ.

ಕರ್ನಿಂಗ್ ಜೋಡಿಗಳು (ನಡುವಿನ ಅಂತರವನ್ನು ಬೇರೆಯಾಗಿ ಸರಿಪಡಿಸುವ ಅಕ್ಷರ ಜೋಡಿಗಳು) ಇಲ್ಲಿ ಕಡಿಮೆಯೇ. 'ಎ-ವಿ', 'ಎಲ್-ಟಿ' ಹತ್ತಿರ ಬರಲಿ. 'ಆರ್-ಎ', 'ಕೆ-ಎ'ಗಳ ಪಾದಗಳು ಒಂದೇ ಗೆರೆಯ ಮೇಲೆ ಡಿಕ್ಕಿಯಾಗುವುದರಿಂದ ಅವನ್ನು ಎಳೆಯಬಾರದು. 'ಎಫ್-ಐ'ಗೆ ಲಿಗೇಚರ್ (ಎರಡನ್ನೂ ಕೂಡಿಸಿದ ಒಂದೇ ರೂಪ) ಬೇಕೇ ಬೇಕು.

ಹಳೆಯ ಕಟ್ಟಿಗೆಯಚ್ಚಿನ ಮೆದುತನ ಬೇಕಿದ್ದರೆ ಹೊರಮೂಲೆಗಳನ್ನು 6 ಯೂನಿಟ್ ದುಂಡಗೆ ಮಾಡಿದರೆ ಸಾಕು. ಸವೆದ ಅಂಚು, ಚುಕ್ಕೆಗಳನ್ನು ಅದೇ ಫೈಲಿನಲ್ಲಿ ತುಂಬಬೇಡಿ: ನೋಡ್‌ಗಳು (ಅಕ್ಷರದ ಹೊರಗೆರೆ ಹಿಡಿಯುವ ಬಿಂದುಗಳು) ಸಾವಿರಗಟ್ಟಲೆ ಏರುತ್ತವೆ, ಒಂದೇ ಪದದಲ್ಲಿ ಎರಡು 'ಇ' ಬಂದರೆ ಎರಡರಲ್ಲೂ ಒಂದೇ ಗೀರು ಕಂಡು ನಕಲಿತನ ಬಯಲಾಗುತ್ತದೆ. ಸವೆತ ಬೇಕೇ ಬೇಕೆಂದರೆ ಪ್ರತ್ಯೇಕ ಫಾಂಟ್ ಮಾಡಿ, ಪ್ರತಿ ಅಕ್ಷರಕ್ಕೆ ಕನಿಷ್ಠ ಮೂರು ರೂಪ ಕೊಟ್ಟು, ಸಂದರ್ಭಕ್ಕೆ ತಕ್ಕಂತೆ ಅವು ಬದಲಾಗುವ ಓಪನ್‌ಟೈಪ್ ನಿಯಮವನ್ನು ಫಾಂಟಿನೊಳಗೇ ಬರೆಯಿರಿ.