ಖಾಲಿ ತೋಟೆ ಎಡಗಡೆಗೆ ಹಾರಬೇಕು: ಡಚ್ ಕ್ರೈಂ ಸಿನಿಮಾದಲ್ಲಿ ಬಂದೂಕು ನೋಡಿಕೊಂಡ ನನ್ನ ಅನುಭವ

ವಾಲ್ಟರ್ ಪಿ5 ಅಂತ ಒಂದು ಪಿಸ್ತೂಲು ಇದೆ. ಅದರಿಂದ ಈಡು ಹೊಡೆದರೆ ಖಾಲಿ ತೋಟೆ ಎಡಗಡೆಗೆ ಹಾರುತ್ತದೆ. ಮಿಕ್ಕ ಪಿಸ್ತೂಲುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಬಲಗಡೆಗೆ. ಈ ಒಂದು ವಿಷಯಕ್ಕೆ ಎಡಿಟಿಂಗ್ ರೂಮಿನಲ್ಲಿ ನಾನು ಒಂದು ಇಡೀ ಮಧ್ಯಾಹ್ನ ವಾದ ಮಾಡಿದ್ದೇನೆ. ಸಿನಿಮಾದಲ್ಲಿ ಅದು ಕಾಣುವುದು ಮೂರು ಫ್ರೇಮ್. ಅಂದರೆ ಹೆಚ್ಚುಕಮ್ಮಿ ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ಹುಚ್ಚು ಅನ್ನಿಸಬಹುದು, ಇರಲಿ.

ನಾನು ಬೆಂಗಳೂರಿನಲ್ಲಿ ಆರು ವರ್ಷ ಸೀರಿಯಲ್‌ಗಳಿಗೆ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡಿದವನು. ಹೆಂಡತಿಗೆ ನೆದರ್ಲೆಂಡ್ಸ್‌ನಲ್ಲಿ ಕೆಲಸ ಸಿಕ್ಕಿ ರಾಟರ್‌ಡ್ಯಾಮಿಗೆ ಬಂದೆವು. ಒಂದು ವರ್ಷ ಮನೆಯಲ್ಲೇ ಕೂತು ಡಚ್ ಕಲಿತೆ, ಆಮೇಲೆ ಸಣ್ಣಪುಟ್ಟ ಸಿನಿಮಾಗಳಿಗೆ ರೆಕ್ವಿಸಿತೂರ್ ಸಹಾಯಕನಾಗಿ ಹೋಗತೊಡಗಿದೆ. ಹೆಸರು ದೊಡ್ಡದಾಗಿ ಕೇಳಿಸುತ್ತದೆ ಅಷ್ಟೆ, ನಮ್ಮಲ್ಲಿ ಪ್ರಾಪರ್ಟಿ ಹುಡುಗ ಅಂತೀವಲ್ಲ, ಅದೇ. ಮೂರನೇ ಸಿನಿಮಾನೇ ಕ್ರೈಂ ಸಿನಿಮಾ. ಕಡಿಮೆ ಬಜೆಟ್ಟು, ಬಂದರಿನ ಪಕ್ಕದ ಒಂದು ಹಳೆ ಗೋಡೌನ್, 1996ರಲ್ಲಿ ನಡೆಯುವ ಕಥೆ. ‘ನೀನು ಬಂದೂಕು ಇರುವ ಊರಿನವನಲ್ಲವಾ, ಇದು ನಿನಗೇ’ ಅಂತ ಡೈರೆಕ್ಟರ್ ನನ್ನ ತಲೆಗೆ ಕಟ್ಟಿದಳು. (ಇಲ್ಲಿ ಡೈರೆಕ್ಟರಿಗೂ ಏಕವಚನ, ಪ್ರೊಡ್ಯೂಸರಿಗೂ ಏಕವಚನ. ನನಗೆ ಅಭ್ಯಾಸ ಆಗಲು ಎರಡು ವರ್ಷ ಬೇಕಾಯಿತು.)

ನಾನು ಬೆಳೆದದ್ದು ಮಡಿಕೇರಿ ಹತ್ತಿರ, ಅದು ನಿಜ. ಅಲ್ಲಿ ಮನೆಯಲ್ಲಿ ಕೋವಿ ಇರುವುದು ದೊಡ್ಡ ಸಂಗತಿ ಅಲ್ಲ. ಕೊಡವರಿಗೂ ಜಮ್ಮಾ ಹಿಡುವಳಿ (ವಂಶಪಾರಂಪರ್ಯವಾಗಿ ಬಂದ ಜಮೀನು) ಇರುವವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಒಂದು ಈಡು. ಆದರೆ ಒಂಟಿ ನಳಿಗೆ ಕೋವಿ ನೋಡಿ ಬೆಳೆದವನಿಗೆ ಡಚ್ ಪೊಲೀಸಿನ ಪಿಸ್ತೂಲಿನ ಬಗ್ಗೆ ಏನು ಗೊತ್ತಿರುತ್ತದೆ? ಏನೂ ಇಲ್ಲ. ಹೌದು ಅಂತ ತಲೆ ಆಡಿಸಿ ಬಂದೆ, ರಾತ್ರಿಯೆಲ್ಲ ಕೂತು ಓದಿದೆ.

ಮೊದಲ ಪೆಟ್ಟಿಗೆ ಬಂದಾಗಲೇ ತಪ್ಪು ಸಿಕ್ಕಿತು. ಪ್ರೊಡಕ್ಷನ್‌ನವರು ‘ಪೊಲೀಸ್ ಪಿಸ್ತೂಲು, ವಾಲ್ಟರ್’ ಅಂತ ಬರೆದು ಬಾಡಿಗೆಗೆ ಹೇಳಿದ್ದರು. ಬಂದದ್ದು ಪಿ99. ವಾಲ್ಟರ್ ಹೌದು. ಇವತ್ತಿನ ಡಚ್ ಪೊಲೀಸರ ಸೊಂಟದಲ್ಲಿ ಇರುವುದೂ ಪಿ99ರ ಒಂದು ರೂಪವೇ. ಆದರೆ ಅದು ಬಂದದ್ದು 2013ರ ಸುಮಾರಿಗೆ, ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ ಆದ ಹೊತ್ತಿಗೆ. ನಮ್ಮ ಕಥೆ 1996ರದ್ದು. ಆಗ ಇದ್ದದ್ದು ಪಿ5. ಅದು ಲೋಹದ್ದು, ಸಿಂಗಲ್ ಸಾಲಿನ ಮ್ಯಾಗಜೀನು (ತೋಟೆ ತುಂಬುವ ಡಬ್ಬಿ), ಎಂಟು ತೋಟೆ. ಹಿಂದುಗಡೆ ಹ್ಯಾಮರ್ ಎದ್ದು ಕಾಣುತ್ತದೆ. ಪಿ99ರಲ್ಲಿ ಹೊರಗೆ ಹ್ಯಾಮರೇ ಇಲ್ಲ, ಮೈ ಪ್ಲಾಸ್ಟಿಕ್. ಕತ್ತಲಲ್ಲಿ ಸೈಡಿನಿಂದ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸಿನಿಮಾದಲ್ಲಿ ಗಿಲ್ಡರ್ ನೋಟು ತೋರಿಸುವುದಕ್ಕೆ ಅಷ್ಟು ಕಷ್ಟಪಟ್ಟಿದ್ದಾರೆ, ಪೊಲೀಸ್ ಕಾರಿನ ಪಟ್ಟೆ ಸರಿ ಮಾಡಿದ್ದಾರೆ, ಹಾಗಿರುವಾಗ ಹದಿನೇಳು ವರ್ಷ ಆಮೇಲೆ ಬರುವ ಪಿಸ್ತೂಲನ್ನು ಕೈಯಲ್ಲಿ ಕೊಡುವುದು ಹೇಗೆ?

‘ಯಾರು ನೋಡ್ತಾರೆ?’ ಅಂದಳು ಡೈರೆಕ್ಟರ್.

‘ನೋಡುವವರು ನೋಡ್ತಾರೆ’ ಅಂದೆ. ನನಗೆ ಆಗ ಅದಕ್ಕಿಂತ ಒಳ್ಳೆ ಉತ್ತರ ಹೊಳೆಯಲಿಲ್ಲ.

ಪಿ5 ಹುಡುಕಿದ್ದು ಒಂದು ದೊಡ್ಡ ಕಥೆ. ಏರ್‌ಸಾಫ್ಟಿನವರು, ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕಿನವರು, ಮಾಡುವುದು ಜನ ಕೇಳುವ ಮಾಡೆಲ್‌ಗಳನ್ನು, ಪಿ5 ನಮಗೆ ಎಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಲೈಸೆನ್ಸ್ ಇರುವ ಒಬ್ಬ ವಾಪೆನ್‌ಮೇಸ್ಟರ್ ಹತ್ತಿರ. ಸೆಟ್ಟಿನಲ್ಲಿ ಆಯುಧ ನೋಡಿಕೊಳ್ಳುವವರಿಗೆ ಇಲ್ಲಿ ಹಾಗನ್ನುತ್ತಾರೆ. ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಕಾಫಿ ಜಾಸ್ತಿ. ಅವನ ಹತ್ತಿರ ಇದ್ದದ್ದು ನಿಷ್ಕ್ರಿಯ ಮಾಡಿದ ಅಸಲಿ ಪಿ5. ಯುರೋಪಿನಲ್ಲಿ 2016ರಿಂದ ನಿಯಮ ಬಿಗಿಯಾಗಿದೆ, ಹೀಗೆ ಸಾಯಿಸಿದ ಬಂದೂಕನ್ನು ಮತ್ತೆ ಬದುಕಿಸಲು ಆಗದ ಹಾಗೆ ವೆಲ್ಡ್ ಮಾಡಬೇಕು. ಹಾಗಾಗಿ ಸ್ಲೈಡ್ (ತೋಟೆಯನ್ನು ನಳಿಗೆಗೆ ಏರಿಸಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆದರೆ ಬರುವುದಿಲ್ಲ, ಕಲ್ಲಿನ ಹಾಗೆ ಕೂತಿರುತ್ತದೆ. ಸಿನಿಮಾದಲ್ಲಿ ಹೀರೋ ‘ಛಕ್ ಛಕ್’ ಅಂತ ಸ್ಲೈಡ್ ಎಳೆದು ಡೈಲಾಗ್ ಹೊಡೆಯುತ್ತಾನಲ್ಲ, ಅದು ನಮಗಿಲ್ಲ. ನನಗೆ ಇದರಿಂದ ಒಳಗೊಳಗೇ ಖುಷಿ ಆಯಿತು, ಯಾಕೆಂದರೆ ಆ ಛಕ್ ಛಕ್ ನೋಡಿದಾಗಲೆಲ್ಲ ಅಲ್ಲಿವರೆಗೆ ಆ ಮಹರಾಯ ಖಾಲಿ ಪಿಸ್ತೂಲು ಹಿಡಿದು ಓಡಾಡುತ್ತಿದ್ದನಾ ಅಂತ ಅನ್ನಿಸುತ್ತದೆ.

ಕಳ್ಳರ ಬಂದೂಕು ಇನ್ನೊಂದು ತಲೆನೋವು. ಸ್ಕ್ರಿಪ್ಟಿನಲ್ಲಿ ‘ಕಲಾಶ್ನಿಕೋವ್’ ಅಂತ ಒಂದೇ ಪದ. 1996 ಅಂದರೆ ಯುಗೋಸ್ಲಾವಿಯಾದ ಯುದ್ಧ ಆಗತಾನೇ ಮುಗಿದಿತ್ತು, ಅಲ್ಲಿಂದ ಪಶ್ಚಿಮ ಯುರೋಪಿನ ಗ್ಯಾಂಗುಗಳ ಕೈಗೆ ಬಂದೂಕು ಹರಿದು ಬಂದ ಕಾಲ. ಹಾಗಾಗಿ ನನಗೆ ರಷ್ಯಾದ್ದು ಬೇಡ, ಅಲ್ಲಿಯದ್ದೇ ಝಸ್ತಾವಾ ಎಂ70 ಬೇಕು ಅಂತ ಹಟ. ಬಾಡಿಗೆಗೆ ಸಿಕ್ಕಿದ್ದು ರಷ್ಯಾದ ಸಾಮಾನ್ಯ ಎಕೆಎಂ ಮಾದರಿಯ ಏರ್‌ಸಾಫ್ಟ್. ಎರಡಕ್ಕೂ ಥಟ್ಟನೆ ಕಾಣುವ ವ್ಯತ್ಯಾಸ ನಳಿಗೆಗೆ ಹಾಕಿರುವ ಮರದ ಹಿಡಿಯಲ್ಲಿದೆ. ರಷ್ಯಾದ್ದರಲ್ಲಿ ಗಾಳಿ ಆಡಲು ಎರಡು ಕಂಡಿ, ಯುಗೋಸ್ಲಾವಿಯಾದ್ದರಲ್ಲಿ ಮೂರು, ಹಿಡಿಯೂ ಸ್ವಲ್ಪ ಉದ್ದ. ಮಾಲೀಕರನ್ನು ಕೇಳಿ ಒಪ್ಪಿಸಿ ಹಳೆ ಮರದ ಹಿಡಿ ಬಿಚ್ಚಿಟ್ಟೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಬೀಚ್ ಮರದ ತುಂಡಿನಿಂದ ಹೊಸದು ಕೆತ್ತಿದೆ. ಮೊದಲನೆಯದು ಸೀಳಿಹೋಯಿತು. ಎರಡನೆಯದರಲ್ಲಿ ಮೂರನೇ ಕಂಡಿ ಸ್ವಲ್ಪ ಓರೆ ಬಂತು, ಅರ ಹಾಕಿ ಉಜ್ಜಿ ಉಜ್ಜಿ ಸರಿ ಮಾಡಿದೆ. ಆಮೇಲೆ ಬಣ್ಣ. ಹೊಸ ಮರ ಬೆಣ್ಣೆ ಬಿಸ್ಕತ್ತಿನ ಹಾಗೆ ಕಾಣುತ್ತಿತ್ತು. ಟೀ ಡಿಕಾಕ್ಷನ್ ಎರಡು ಸಲ ಬಳಿದು, ಒಣಗಿದ ಮೇಲೆ ಲಿನ್ಸೀಡ್ ಎಣ್ಣೆ ತಿಕ್ಕಿ, ಕೈ ಬೀಳುವ ಜಾಗದಲ್ಲಿ ಮಾತ್ರ ಇನ್ನಷ್ಟು ತಿಕ್ಕಿ ಹೊಳಪು ತಂದೆ. ಅಜ್ಜನ ಕೋವಿಯ ಮರ ಹಾಗೇ ಇತ್ತು, ಎಡಗೈ ಹಿಡಿಯುವ ಕಡೆ ಮಾತ್ರ ಕಪ್ಪಗೆ ಮಿರಮಿರ. ಮಡಿಕೇರಿ ಆ ಸಿನಿಮಾಕ್ಕೆ ಉಪಯೋಗಕ್ಕೆ ಬಂದದ್ದು ಅಷ್ಟೇ, ಆದರೆ ಬಂತು.

ಈಗ ಕಾನೂನು. ಬೆಂಗಳೂರಿನ ಸೀರಿಯಲ್ಲಿನಲ್ಲಿ ನಮ್ಮ ಇನ್ಸ್‌ಪೆಕ್ಟರ್ ರಿವಾಲ್ವರ್ ಮರದ್ದು, ಕಪ್ಪು ಬಣ್ಣ ಹೊಡೆದದ್ದು. ಪ್ರಾಪರ್ಟಿ ವ್ಯಾನಿನಲ್ಲಿ ಪೂಜೆ ಸಾಮಾನಿನ ಜೊತೆ ಬಿದ್ದಿರುತ್ತಿತ್ತು. ಇಲ್ಲಿ ಹಾಗೆ ಮಾಡಿದರೆ ಜೈಲು. ಡಚ್ ಆಯುಧ ಕಾನೂನಿನಲ್ಲಿ ಅಸಲಿಯ ಹಾಗೆ ಕಂಡು ಜನರನ್ನು ಹೆದರಿಸಬಹುದಾದ ನಕಲಿ ಬಂದೂಕೂ ನಿಷೇಧವೇ, ಒಳಗೆ ಏನೂ ಇಲ್ಲದಿದ್ದರೂ. ಏರ್‌ಸಾಫ್ಟ್ ಆಡುವುದಕ್ಕೂ 2013ರವರೆಗೆ ಅವಕಾಶ ಇರಲಿಲ್ಲ, ಈಗಲೂ ಮಾನ್ಯತೆ ಇರುವ ಸಂಘದ ಸದಸ್ಯರಿಗೆ ಮಾತ್ರ. ಸಿನಿಮಾಕ್ಕೆ ಬೇಕಾದರೆ ಸರ್ಕಾರದಿಂದ ವಿನಾಯಿತಿ ಪತ್ರ ತರಬೇಕು, ‘ಒಂಟ್‌ಹೆಫಿಂಗ್’ ಅನ್ನುತ್ತಾರೆ. ಆ ಪತ್ರದ ಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೆ, ಇನ್ನೊಂದು ನನ್ನ ಜೇಬಿನಲ್ಲಿ.

ಆ ಜೇಬಿನ ಪ್ರತಿ ಎಂಟನೇ ದಿನ ಕೆಲಸಕ್ಕೆ ಬಂತು. ತಪ್ಪು ನಂದೇ, ಮುಚ್ಚಿಡುವುದಿಲ್ಲ. ಗೋಡೌನಿನ ಒಳಗಿನ ಶೂಟಿಂಗ್ ಬಗ್ಗೆ ಪೊಲೀಸರಿಗೆ ತಿಳಿಸಿದ್ದೆವು. ಕಟ್ ಅಂದ ಮೇಲೆ ನಾನು ಕಾಫಿಗೆ ಓಡಿದೆ. ಕಳ್ಳನ ಪಾತ್ರದ ಹುಡುಗ, ಒಳ್ಳೆಯವನೇ ಪಾಪ, ಸಿಗರೇಟು ಸೇದಲು ಹೊರಗೆ ಹೋದ, ಹೆಗಲಿನಲ್ಲಿ ನನ್ನ ಮೂರು ಕಂಡಿಯ ಬಂದೂಕು. ನೀರಿನ ಆಚೆ ದಡದಲ್ಲಿ ಅಪಾರ್ಟ್‌ಮೆಂಟುಗಳು. ಯಾರೋ 112ಕ್ಕೆ ಫೋನ್ ಮಾಡಿದರು. ಮಾಡಲೇಬೇಕಿತ್ತು, ನಾನಾಗಿದ್ದರೂ ಮಾಡುತ್ತಿದ್ದೆ. ಐದೋ ಆರೋ ನಿಮಿಷದಲ್ಲಿ ಎರಡು ಕಾರು. ನಾನು ಕಾಫಿ ಕಪ್ಪು ಹಿಡಿದು ಬಾಗಿಲಿಗೆ ಬಂದಾಗ ಹುಡುಗ ನೆಲದ ಮೇಲೆ ಕೈ ಚಾಚಿ ಮಲಗಿದ್ದ, ಇಬ್ಬರು ಪೊಲೀಸರು ಅಸಲಿ ಪಿ99 ಹಿಡಿದು ನಿಂತಿದ್ದರು. ಸಿನಿಮಾಕ್ಕೆ ಬೇಡ ಅಂತ ನಾನು ವಾಪಸ್ ಕಳಿಸಿದ್ದ ಅದೇ ಪಿಸ್ತೂಲು. ಆಗ ಆ ವ್ಯಂಗ್ಯ ಹೊಳೆಯಲಿಲ್ಲ ಬಿಡಿ, ಕಾಲು ನಡುಗುತ್ತಿತ್ತು. ಕೈ ಮೇಲೆತ್ತಿ, ಜೇಬಿನಲ್ಲಿ ಪತ್ರ ಇದೆ ಅಂತ ನನ್ನ ಹರಕು ಡಚ್ಚಿನಲ್ಲಿ ಕೂಗಿದೆ. ಅವರೇ ತೆಗೆದು ಓದಿದರು. ಬೈದರು, ಬಹಳ ಮೆಲುದನಿಯಲ್ಲಿ. ಜೋರಾಗಿ ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಬಂದೂಕು ಮೂರೇ ಜಾಗದಲ್ಲಿ ಇರಬಹುದು, ನನ್ನ ಕೈ, ನಟನ ಕೈ, ಇಲ್ಲವೇ ಬೀಗ ಹಾಕಿದ ಪೆಟ್ಟಿಗೆ. ಕಟ್ ಅಂದ ತಕ್ಷಣ ಡೈರೆಕ್ಟರ್ ಏನು ಹೇಳುತ್ತಿದ್ದರೂ ನಾನು ಮಧ್ಯೆ ನುಗ್ಗಿ ಇಸಿದುಕೊಳ್ಳುವುದು. ಒಟ್ಟು ಹನ್ನೊಂದು ಆಯುಧ, ರಬ್ಬರಿನವೂ ಸೇರಿ. ಬೆಳಿಗ್ಗೆ ಎಣಿಕೆ, ಊಟಕ್ಕೆ ಎಣಿಕೆ, ರಾತ್ರಿ ಎಣಿಕೆ, ಒಂದೊಂದಕ್ಕೂ ಸಹಿ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿದ ಹಾಗೆ.

ವಾಪೆನ್‌ಮೇಸ್ಟರ್ ನನಗಿಂತ ಕಟ್ಟುನಿಟ್ಟು. ಏರ್‌ಸಾಫ್ಟ್ ಆದರೂ ಪ್ರತಿ ಟೇಕ್‌ಗೆ ಮುಂಚೆ ಟಾರ್ಚ್ ಹಾಕಿ ನಳಿಗೆ ತೋರಿಸುತ್ತಿದ್ದ, ನಟನಿಗೂ ಅವನೆದುರು ನಿಂತವನಿಗೂ ಕ್ಯಾಮೆರಾದವರಿಗೂ. ‘ಇದು ಆಟಿಕೆ ಅಲ್ವಾ’ ಅಂತ ಒಂದು ಸಲ ನಕ್ಕೆ. ಅವನು ನಗಲಿಲ್ಲ. 1993ರಲ್ಲಿ ಅಮೆರಿಕನ್ ನಟ ಬ್ರ್ಯಾಂಡನ್ ಲೀ ಶೂಟಿಂಗಿನಲ್ಲಿ ಸತ್ತದ್ದು ಹೇಗೆ ಗೊತ್ತಾ ಅಂತ ಕೇಳಿದ. ಮುಂಚಿನ ಒಂದು ಶಾಟ್‌ಗೆ ಬಳಸಿದ ನಕಲಿ ತೋಟೆಯ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು, ಯಾರೂ ನೋಡಲಿಲ್ಲ, ಆಮೇಲೆ ಬ್ಲ್ಯಾಂಕ್ (ಮದ್ದು ಮಾತ್ರ ಇದ್ದು ಗುಂಡು ಇಲ್ಲದ ತೋಟೆ) ಹಾಕಿ ಹೊಡೆದಾಗ ಆ ಗುಂಡು ಹೊರಬಂತು. 1984ರಲ್ಲಿ ಇನ್ನೊಬ್ಬ ಅಮೆರಿಕನ್ ನಟ ಬ್ಲ್ಯಾಂಕ್ ತಾನೇ ಅಂತ ತಮಾಷೆಗೆ ಹಣೆಯ ಪಕ್ಕ ಇಟ್ಟು ಹೊಡೆದುಕೊಂಡ. ಗುಂಡು ಇರಲಿಲ್ಲ, ಗಾಳಿಯ ಒತ್ತಡಕ್ಕೇ ತಲೆಬುರುಡೆ ಒಡೆದು ಹೋದ. 2021ರಲ್ಲಿ ನ್ಯೂ ಮೆಕ್ಸಿಕೋದ ಸೆಟ್ಟಿನಲ್ಲಿ ಕ್ಯಾಮೆರಾ ಮಾಡುತ್ತಿದ್ದ ಹಲೀನಾ ಹಚಿನ್ಸ್ ಸತ್ತದ್ದು ಎಲ್ಲರಿಗೂ ಗೊತ್ತು, ಅಲ್ಲಿ ಅಸಲಿ ತೋಟೆಯೇ ಬಂದೂಕಿನ ಒಳಗಿತ್ತು. ಆಮೇಲೆ ನಾನು ನಗಲಿಲ್ಲ.

ನಾವು ಬ್ಲ್ಯಾಂಕ್ ಬಿಟ್ಟದ್ದಕ್ಕೆ ಆ ಭಯ ಒಂದು ಕಾರಣ. ಇನ್ನೊಂದು ಕಾರಣ ಕ್ಯಾಮೆರಾ. ಟೆಸ್ಟ್ ದಿನ ವಾಪೆನ್‌ಮೇಸ್ಟರ್ ಒಂದು ಬ್ಲ್ಯಾಂಕ್ ಪಿಸ್ತೂಲಿನಿಂದ ನಾಲ್ಕು ಸಲ ಹೊಡೆದ. ಗೋಡೌನು ಗುಂಯ್ ಅಂತು, ಪಾರಿವಾಳಗಳೆಲ್ಲ ಎದ್ದವು. ಮಾನಿಟರಿನಲ್ಲಿ ನೋಡಿದರೆ ಎರಡರಲ್ಲಿ ಬೆಂಕಿಯೇ ಇಲ್ಲ! ಲೆಕ್ಕ ಸುಲಭ. ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮಿನಲ್ಲಿ ಅರ್ಧ ಹೊತ್ತು ಮಾತ್ರ ಶಟರ್ ತೆರೆದಿರುತ್ತದೆ, 50ನೇ ಒಂದು ಸೆಕೆಂಡ್. ನಳಿಗೆಯ ಬೆಂಕಿ ಇರುವುದು ಕೆಲವೇ ಮಿಲಿಸೆಕೆಂಡ್. ಶಟರ್ ಮುಚ್ಚಿದ್ದಾಗ ಬಂದರೆ ಹೋಯಿತು. ಸರಿ, ಬೆಂಕಿ ಕಂಪ್ಯೂಟರಿನಲ್ಲೇ ಹಾಕೋಣ ಅಂತ ತೀರ್ಮಾನ ಆಯಿತು. ಇಡೀ ಸಿನಿಮಾದಲ್ಲಿ ಇದ್ದದ್ದೇ ನಾಲ್ಕು ಈಡು, ಕಳ್ಳಂದು ಮೂರು, ಪೊಲೀಸಂದು ಒಂದು.

ಶೂಟಿಂಗಿನಲ್ಲಿ ನನಗೆ ಕಷ್ಟ ಆದದ್ದು ನಟರ ಕೈ. ಏರ್‌ಸಾಫ್ಟ್ ಹಗುರ, ಹಾಗಾಗಿ ರಿಮೋಟ್ ಹಿಡಿದ ಹಾಗೆ ಬೀಸುತ್ತಾರೆ. ಮ್ಯಾಗಜೀನಿನ ಒಳಗೆ ಮೀನು ಹಿಡಿಯುವವರ ಸೀಸದ ಬಿಲ್ಲೆ ತುಂಬಿಸಿದೆ, ತೋಳು ತಾನಾಗಿ ಇಳಿಯಿತು, ಮುಖವೂ ಬದಲಾಯಿತು. ಪೊಲೀಸ್ ಪಾತ್ರದವನಿಗೆ ಆ ತೊಂದರೆ ಇಲ್ಲ, ಅವನ ಕೈಯಲ್ಲಿ ಲೋಹದ ಪಿ5. ಅವನ ತೊಂದರೆ ಬೇರೆ. ಫೆಬ್ರವರಿ ಚಳಿ, ಬೆರಳು ಮರಗಟ್ಟಿ ಹೋಲ್‌ಸ್ಟರಿನ (ಸೊಂಟದಲ್ಲಿ ಪಿಸ್ತೂಲು ಇಡುವ ಚೀಲ) ಬಟನ್ ಬಿಚ್ಚಲು ಬರುತ್ತಿರಲಿಲ್ಲ. ಐದು ಟೇಕ್ ಹಾಳಾಯಿತು. ಬೆಳಕು ಹೋಗುತ್ತಿದೆ, ಡೈರೆಕ್ಟರ್ ಹಲ್ಲು ಕಡಿಯುತ್ತಿದ್ದಾಳೆ. ಬಟನ್ ಮೊದಲೇ ಬಿಚ್ಚಿಟ್ಟುಕೋ, ಕೋಟಿನ ಕೆಳಗೆ ಯಾರಿಗೂ ಕಾಣುವುದಿಲ್ಲ ಅಂದೆ. ಆರನೇ ಟೇಕ್ ಓಕೆ.

ಎರಡು ತಿಂಗಳಾದ ಮೇಲೆ ಎಡಿಟಿಂಗ್ ರೂಮಿಗೆ ಕರೆದರು. ಗ್ರಾಫಿಕ್ಸ್ ಹುಡುಗ ಚೆನ್ನಾಗಿಯೇ ಮಾಡಿದ್ದ. ಬೆಂಕಿ ಒಂದೇ ಫ್ರೇಮ್, ಅದೇ ಫ್ರೇಮಿನಲ್ಲಿ ನಟನ ಕೆನ್ನೆಗೆ ಕಿತ್ತಳೆ ಬೆಳಕು, ಹಿಂದಿನ ತಗಡಿನ ಗೋಡೆಗೂ ಸ್ವಲ್ಪ. ವೆಲ್ಡ್ ಆದ ಸ್ಲೈಡನ್ನೂ ಒಂದು ಫ್ರೇಮ್ ಹಿಂದಕ್ಕೆ ಸರಿಸಿದ್ದ. ಆದರೆ ಖಾಲಿ ತೋಟೆ ಬಲಕ್ಕೆ ಹಾರುತ್ತಿತ್ತು. ಎಡಕ್ಕೆ ಹಾಕು ಅಂದೆ. ಆಗ ನೋಡುವವರಿಗೆ ಶಾಟ್ ಉಲ್ಟಾ ತಿರುಗಿಸಿದ ಹಾಗೆ ಅನ್ನಿಸುತ್ತದೆ ಅಂದ ಎಡಿಟರ್. ಅವನ ಮಾತಿನಲ್ಲೂ ಸತ್ಯ ಇದೆ, ಎಡಕ್ಕೆ ಹಾರಿದರೆ ಅದೇ ತಪ್ಪು ಅಂತ ಬರೆಯುವವರೂ ಇರುತ್ತಾರೆ. ಪಿ5ರ ಫೋಟೋ ತೋರಿಸಿದೆ, ತೋಟೆ ಹೊರಬೀಳುವ ಕಿಂಡಿ ಎಡಗಡೆ ಇರುವುದನ್ನು ಝೂಮ್ ಮಾಡಿದೆ. ನಮ್ಮ ಶಾಟಿನಲ್ಲೇ ಆ ಕಿಂಡಿ ಕಾಣುತ್ತಿದೆ, ಒಂದು ಕಡೆ ಕಿಂಡಿ ಇನ್ನೊಂದು ಕಡೆಯಿಂದ ತೋಟೆ ಹಾರಿದರೆ ಅದು ಮ್ಯಾಜಿಕ್ ಶೋ ಅಂದೆ. ಸಂಜೆ ಐದೂವರೆಗೆ ಡೈರೆಕ್ಟರ್ ಜಾಕೆಟ್ ಹಾಕಿಕೊಳ್ಳುತ್ತಾ, ‘ಎಡಕ್ಕೇ ಹಾಕು, ಇವನು ಬಿಡುವುದಿಲ್ಲ’ ಅಂದಳು.

ಪ್ರದರ್ಶನದ ದಿನ ನಾನು ಸಿನಿಮಾ ನೋಡಲಿಲ್ಲ, ಆ ಮೂರು ಫ್ರೇಮ್‌ಗೆ ಕಾದು ಕೂತಿದ್ದೆ. ಬಂತು, ಎಡಕ್ಕೆ, ಹೋಯಿತು. ಹೆಂಡತಿ ‘ಎಲ್ಲಿ?’ ಅಂದಳು, ಅವಳಿಗೆ ಕಾಣಲೇ ಇಲ್ಲ. ಮುಗಿದ ಮೇಲೆ ಬಿಯರ್ ಕುಡಿಯುತ್ತಾ ನಿಂತಿದ್ದಾಗ ಬಿಳಿ ಮೀಸೆಯ ಒಬ್ಬರು ಹುಡುಕಿಕೊಂಡು ಬಂದರು, ಯಾವುದೋ ನಟನ ಮಾವನಂತೆ, ಹಿಂದೆ ಪೊಲೀಸಿನಲ್ಲಿ ಇದ್ದವರು. ಪಿ5 ತೋರಿಸಿದ್ದು ನೀನಾ ಅಂತ ಕೇಳಿದರು. ಹೌದು ಅಂದೆ, ಎದೆ ಉಬ್ಬಿತ್ತು. ತೋಟೆ ಎಡಕ್ಕೆ ಹಾರಿಸಿದ್ದು ಸರಿಯಾಗಿದೆ, ಸಿನಿಮಾದಲ್ಲಿ ಮೊದಲ ಸಲ ನೋಡಿದೆ ಅಂದರು. ಆಮೇಲೆ ಗ್ಲಾಸು ಕೆಳಗಿಟ್ಟು, ತಮ್ಮ ಸೊಂಟದ ಮೇಲೆ ಬಲಗೈ ಇಟ್ಟು ಹೆಬ್ಬೆರಳಿನಿಂದ ಇಲ್ಲದ ಒಂದು ಬಟನ್ನನ್ನು ಎರಡು ಸಲ ಬಿಚ್ಚಿ ತೋರಿಸಿದರು.

‘ಇದನ್ನು ಮಾತ್ರ ಆ ಹುಡುಗ ಮಾಡಲಿಲ್ಲ’ ಅಂದರು.